ಮನೆ ಕಟ್ಟುವ ಮೊದಲು ಮನೆ ಅಳೆದು ನೋಡಿ

"ಮೇಡಂ, ಮಗಳಿಗೆ ಆರ್ಕಿಟೆಕ್ಚರ್ ಮಾಡ್ಬೇಕಂತೆ. ಡ್ರಾಯಿಂಗ್ ತುಂಬಾ ಚೆನ್ನಾಗಿದೆ. ಸ್ಕೋಪ್ ಇದೆಯಾ?" ಬೋರ್ಡ್ ಪರೀಕ್ಷೆ ಮುಗಿದ ಮೇಲೆ ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತವೆ. ನಾನು ಆರ್ಕಿಟೆಕ್ಟ್, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನದೊಂದು ಸಣ್ಣ ಆಫೀಸು. ಫ್ಲ್ಯಾಟ್ ರಿಪೇರಿ, ಸೊಸೈಟಿ ರೀಡೆವಲಪ್‌ಮೆಂಟ್, ನಮ್ಮೂರಿನವರ ಹೋಟೆಲ್ ಅಡುಗೆಮನೆ, ಇಂಥ ಕೆಲಸ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋದರೂ ಇಂಟರ್ವಲ್‌ನಲ್ಲಿ ಇದೇ ಪ್ರಶ್ನೆ. ಸ್ಕೋಪ್ ವಿಷಯ ಆಮೇಲೆ ಮಾತಾಡೋಣ, ಮನೆಯಲ್ಲಿ ಅಳತೆ ಟೇಪ್ ಇದೆಯಾ ಅಂತ ನಾನು ಕೇಳುತ್ತೇನೆ.

ಡ್ರಾಯಿಂಗ್ ಚೆನ್ನಾಗಿದ್ದರೆ ಒಳ್ಳೆಯದೇ. ಆದರೆ ಹೂದಾನಿ, ನವಿಲು, ಸೂರ್ಯಾಸ್ತ ಚೆನ್ನಾಗಿ ಬಿಡಿಸುವ ಎಷ್ಟೋ ಮಕ್ಕಳು ಎರಡನೇ ವರ್ಷಕ್ಕೆ ಬರುವಾಗ ಸುಸ್ತಾಗಿರುತ್ತಾರೆ. ಚಿತ್ರ ಹಾಗೆ ಹೀಗೆ ಇದ್ದರೂ ಪರವಾಗಿಲ್ಲ, ಯಾವ ಕಟ್ಟಡ ಕಂಡರೂ 'ಈ ಕಿಟಕಿ ಇಲ್ಲಿ ಯಾಕಿದೆ' ಅಂತ ತಲೆ ಕೆಡಿಸಿಕೊಳ್ಳುವವರು ಕೊನೆತನಕ ನಿಲ್ಲುತ್ತಾರೆ. ನಿಮ್ಮದು ಯಾವ ಬಗೆಯ ಆಸೆ ಅಂತ ಐದು ವರ್ಷದ ಫೀ ಕಟ್ಟುವ ಮೊದಲೇ ತಿಳಿದುಕೊಳ್ಳಬಹುದು. ಅದಕ್ಕೆ ಯಾವ ಕ್ಲಾಸಿಗೂ ಸೇರಬೇಕಾಗಿಲ್ಲ. ಹನ್ನೊಂದನೇ ಕ್ಲಾಸಿನಲ್ಲಿದ್ದರೆ ಈಗಲೇ ಶುರುಮಾಡಿ. ಹನ್ನೆರಡನೇ ಕ್ಲಾಸಿನಲ್ಲಿದ್ದರೆ ಭಾನುವಾರ ಮಾತ್ರ ಮಾಡಿ, ಇಲ್ಲದಿದ್ದರೆ ನಿಮ್ಮ ಅಮ್ಮ ನನ್ನನ್ನು ಬಯ್ಯುತ್ತಾರೆ.

ಟೇಪ್, ಪೆನ್ಸಿಲ್, ನಿಮ್ಮ ಮನೆ

ಹಾರ್ಡ್‌ವೇರ್ ಅಂಗಡಿಯಿಂದ 5 ಮೀಟರ್‌ನ ಸ್ಟೀಲ್ ಟೇಪ್ ತನ್ನಿ. ಒಂದಷ್ಟು ಎ4 ಹಾಳೆ, 2ಬಿ ಪೆನ್ಸಿಲ್, ಸ್ಕೇಲು. ಟೇಪಿನ ಇನ್ನೊಂದು ತುದಿ ಹಿಡಿಯಲು ತಮ್ಮನೋ ತಂಗಿಯೋ ಬೇಕು.

ಮೊದಲು ಅಳೆಯಬೇಡಿ. ಮನೆಯ ನಕ್ಷೆಯನ್ನು ಅಂದಾಜಿನಲ್ಲಿ ಕೈಯಲ್ಲೇ ಬಿಡಿಸಿ. ಪ್ಲಾನ್ ಅಂದರೆ ಮನೆಯನ್ನು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಅಡ್ಡಕ್ಕೆ ಕತ್ತರಿಸಿ, ಮೇಲಿನ ಭಾಗ ತೆಗೆದಿಟ್ಟು, ಕೆಳಗೆ ನೋಡಿದರೆ ಕಾಣುವುದು. ಆ ಎತ್ತರದಲ್ಲಿ ಕಿಟಕಿಯೂ ಕತ್ತರಿಸುತ್ತದೆ, ಬಾಗಿಲೂ ಕತ್ತರಿಸುತ್ತದೆ. ಅದಕ್ಕೇ ಎರಡೂ ಪ್ಲಾನಿನಲ್ಲಿ ಕಾಣುತ್ತವೆ. ಬಿಡಿಸಿದ ಈ ಕಚ್ಚಾ ನಕ್ಷೆಯ ಮೇಲೆ ಅಳತೆ ಬರೆಯುತ್ತಾ ಹೋಗಿ.

ಒಂದು ಗೋಡೆ ಅಳೆಯುವಾಗ ಟೇಪಿನ ಸೊನ್ನೆಯನ್ನು ಮೂಲೆಯಲ್ಲಿ ಇಟ್ಟು ಅಲ್ಲೇ ಬಿಡಿ. ಕಿಟಕಿ ಶುರುವಾಗುವುದು ಎಷ್ಟಕ್ಕೆ, ಮುಗಿಯುವುದು ಎಷ್ಟಕ್ಕೆ, ಬಾಗಿಲು ಎಷ್ಟಕ್ಕೆ, ಕೊನೆಯ ಮೂಲೆ ಎಷ್ಟಕ್ಕೆ ಅಂತ ಒಂದೇ ಎಳೆತದಲ್ಲಿ ಓದಿ. ತುಂಡು ತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ ಸಣ್ಣ ತಪ್ಪೂ ಸೇರಿ ಕೊನೆಗೆ ದೊಡ್ಡದಾಗುತ್ತದೆ. ಗೋಡೆಯ ದಪ್ಪ ಹೇಗೆ ಗೊತ್ತಾಗುತ್ತದೆ? ಬಾಗಿಲ ತೆರಪಿನಲ್ಲಿ ಟೇಪ್ ಇಡಿ. ಹೊರಗೋಡೆಗೂ ಒಳಗೋಡೆಗೂ ವ್ಯತ್ಯಾಸ ಕಾಣುತ್ತದೆ. ಇಟ್ಟಿಗೆಯದಾದರೆ ಸಾಮಾನ್ಯವಾಗಿ ಹೊರಗಿನದು 9 ಇಂಚು, ಒಳಗಿನದು ನಾಲ್ಕೂವರೆ ಇಂಚು, ಅದರ ಮೇಲೆ ಗಿಲಾವು. ಗಿರಗಾಂವ್ ಕಡೆಯ ಹಳೇ ಕಟ್ಟಡದಲ್ಲಿ ಇದ್ದರೆ ಗೋಡೆ ಇದರ ಎರಡರಷ್ಟು ದಪ್ಪ ಬಂದರೂ ಆಶ್ಚರ್ಯವಿಲ್ಲ. ಅಲ್ಲಿ ಭಾರ ಹೊರುವುದು ಗೋಡೆ. ಈಗಿನ ಕಟ್ಟಡಗಳಲ್ಲಿ ಭಾರ ಹೊರುವುದು ಕಂಬ ಮತ್ತು ಬೀಮು, ಗೋಡೆ ಬರೀ ಮರೆ.

ಎಲ್ಲ ಅಳೆದ ಮೇಲೆ ಪ್ರತಿ ಕೋಣೆಯ ಮೂಲೆಯಿಂದ ಎದುರಿನ ಮೂಲೆಗೆ ಎರಡೂ ಕಡೆ ಅಳೆಯಿರಿ. ಎದುರುಬದುರು ಗೋಡೆಗಳು ಸಮ ಇದ್ದು, ಈ ಎರಡೂ ಒಂದೇ ಬಂದರೆ ಕೋಣೆ ಮೂಲೆಮಟ್ಟಕ್ಕಿದೆ. ಹೆಚ್ಚಿನ ಮನೆಗಳಲ್ಲಿ ಒಂದೇ ಬರುವುದಿಲ್ಲ. ನಿಮ್ಮ ಮನೆ ಸೊಟ್ಟಗಿದೆ ಅಂತ ಗೊತ್ತಾದಾಗ ಬೇಜಾರಾಗುತ್ತದೋ, ಖುಷಿಯಾಗುತ್ತದೋ? ನನಗೆ ಬೇಕಾದ್ದು ಖುಷಿಯಾಗುವ ಮಕ್ಕಳು.

ಈಗ 1:50 ಅಳತೆಯಲ್ಲಿ ನೀಟಾಗಿ ಬಿಡಿಸಿ. ಮನೆಯ 1 ಮೀಟರ್ ಕಾಗದದ ಮೇಲೆ 2 ಸೆಂಟಿಮೀಟರ್. 10 ಅಡಿ, 12 ಅಡಿಯ ಕೋಣೆ ಸುಮಾರು 6.1 ಸೆಂಟಿಮೀಟರ್, 7.3 ಸೆಂಟಿಮೀಟರ್ ಆಗುತ್ತದೆ. ಗ್ಯಾಸ್ ಕಟ್ಟೆ, ಫ್ರಿಜ್, ಕಪಾಟು, ದೇವರ ಮಂಟಪ, ಚಪ್ಪಲಿ ಸ್ಟ್ಯಾಂಡ್, ಎಲ್ಲವನ್ನೂ ಹಾಕಿ.

ನಿಜವಾದ ಕೆಲಸ ಇನ್ನು ಮುಂದೆ ಇದೆ. ಈ ಪ್ಲಾನನ್ನು ನಾಲ್ಕು ಸಲ ನಕಲು ಮಾಡಿ. ಬೆಳಿಗ್ಗೆ 6, ಮಧ್ಯಾಹ್ನ 1, ಸಂಜೆ 7, ರಾತ್ರಿ 11 ಅಂತ ಒಂದೊಂದರ ಮೇಲೆ ಬರೆಯಿರಿ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಗುರುತು ಹಾಕಿ. ಯಾವ ದಿಂಬು ಎಲ್ಲಿಗೆ ಹೋಗುತ್ತದೆ, ಯಾವ ಟೇಬಲ್ ಮಡಚಿ ಗೋಡೆಗೆ ಒರಗುತ್ತದೆ, ಒದ್ದೆ ಬಟ್ಟೆ ಎಲ್ಲಿ ಒಣಗುತ್ತದೆ, ಅಜ್ಜಿ ಸೀರಿಯಲ್ ನೋಡುವಾಗ ನೀವು ಎಲ್ಲಿ ಕೂತು ಓದುತ್ತೀರಿ. ಮುಂಬೈಯ ಒನ್ ರೂಮ್ ಕಿಚನ್‌ನಷ್ಟು ಚೆನ್ನಾಗಿ ಈ ಪಾಠ ಹೇಳಿಕೊಡುವ ಕಾಲೇಜು ಇಲ್ಲ. ದೊಡ್ಡ ಬಂಗಲೆಯ ಮಕ್ಕಳಿಗೆ ಈ ಅಭ್ಯಾಸದಲ್ಲಿ ನಿಜವಾಗಿಯೂ ಸ್ವಲ್ಪ ನಷ್ಟ.

ನಾನು ಬೆಳೆದದ್ದು ಮುಂಬೈಯ ಲಾಲ್‌ಬಾಗ್‌ನ ಒಂದು ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಮುಂದೆ ಉದ್ದಕ್ಕೂ ಗ್ಯಾಲರಿ ಇರುವ ಕಟ್ಟಡದಲ್ಲಿ. ಒಂದೇ ಖೋಲಿ, ಆರು ಜನ. ಅಪ್ಪ ಮಿಲ್ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರು, ರಾತ್ರಿ ಹೊರಗೆ ಗ್ಯಾಲರಿಯಲ್ಲಿ ಮಲಗುತ್ತಿದ್ದರು. ಕಾಗದದ ಮೇಲೆ ಆ ಗ್ಯಾಲರಿ ಬರೀ ಓಡಾಡುವ ಜಾಗ. ನಮಗೆ ಅದು ಅಪ್ಪನ ಮಲಗುವ ಕೋಣೆ, ಅಮ್ಮನ ಹಪ್ಪಳ ಒಣಗಿಸುವ ಜಾಗ, ನಮ್ಮ ಕೇರಂ ಕ್ಲಬ್ಬು. ಪಕ್ಕದ ಮನೆಯ ಕಾಕು ಬಾಗಿಲಲ್ಲೇ ಕೂತು ನಮ್ಮ ಮೇಲೆ ಕಣ್ಣಿಡುತ್ತಿದ್ದರು. ಹಾಗಂತ ಚಾಳನ್ನು ಹಾಡಿ ಹೊಗಳುವವರ ಸಾಲಿಗೆ ನಾನು ಸೇರಿಲ್ಲ. ಬೆಳಿಗ್ಗೆ ಬಕೆಟ್ ಹಿಡಿದು ಸಂಡಾಸಿನ ಕ್ಯೂನಲ್ಲಿ ನಿಂತವರು ಯಾರೂ ಹೊಗಳುವುದಿಲ್ಲ. ವರ್ಲಿಯ ಬಿಡಿಡಿ ಚಾಳುಗಳನ್ನು 1920ರ ದಶಕದಲ್ಲಿ ಕಟ್ಟಿದರು. ಅಲ್ಲಿಯ 160 ಚದರ ಅಡಿಯ ಖೋಲಿಗೆ ಬದಲಾಗಿ ಈಗ ಟವರಿನಲ್ಲಿ 500 ಚದರ ಅಡಿಯ ಫ್ಲ್ಯಾಟ್ ಕೊಡುತ್ತಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಗ್ಯಾಲರಿ ಮಾಡುತ್ತಿದ್ದ ಆ ಎಲ್ಲ ಕೆಲಸ ಟವರಿನಲ್ಲಿ ಎಲ್ಲಿ ನಡೆಯುತ್ತದೆ? ನಿಮ್ಮ ನಾಲ್ಕು ಪ್ಲಾನುಗಳನ್ನು ಎದುರಿಗಿಟ್ಟುಕೊಂಡು ಇಂಥ ಒಂದು ಪ್ರಶ್ನೆ ಹುಟ್ಟಿದರೆ, ನಿಮಗೆ ಈ ಓದು ಹಿಡಿಸುತ್ತದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಬೇಸರ ಬಂದು ಅರ್ಧಕ್ಕೇ ಬಿಟ್ಟರೆ? ಅದೂ ಉತ್ತರವೇ. ಬಣ್ಣ, ಗೆರೆ ಇಷ್ಟವಾದವರಿಗೆ ಫೈನ್ ಆರ್ಟ್, ಆನಿಮೇಷನ್, ಪ್ರಾಡಕ್ಟ್ ಡಿಸೈನ್ ಇವೆ. ಅಲ್ಲಿ ಗೋಡೆ ಅಳೆಯಬೇಕಾಗಿಲ್ಲ.

ಬಿಸಿಲು ಎಲ್ಲಿಂದ, ಮಳೆ ಎಲ್ಲಿಂದ

ಮೊಬೈಲಿನ ದಿಕ್ಸೂಚಿ ನೋಡಿ ಪ್ಲಾನಿನ ಮೇಲೆ ಉತ್ತರ ದಿಕ್ಕು ಗುರುತಿಸಿ. ರಜೆಯ ದಿನ ಗಂಟೆಗೊಮ್ಮೆ ನೆಲದ ಮೇಲೆ ಬಿಸಿಲು ಎಲ್ಲಿ ಬಿದ್ದಿದೆ ಅಂತ ಸೀಮೆಸುಣ್ಣದಿಂದ ಗೆರೆ ಹಾಕಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಇದನ್ನು ಡಿಸೆಂಬರ್‌ನಲ್ಲಿ ಒಂದು ಸಲ, ಮೇನಲ್ಲಿ ಒಂದು ಸಲ ಮಾಡಿ. ಮುಂಬೈ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಮಧ್ಯದಲ್ಲಿ ಒಂದು ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಜುಲೈ ಕೊನೆಗೆ ಇನ್ನೊಮ್ಮೆ ಹಾಗೇ ಆಗುತ್ತದೆ, ಆದರೆ ಆಗ ಮೋಡ. ನಡುವಿನ ವಾರಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಅಂತ ಪಾಠ ಒಪ್ಪಿಸುವವರಿಗೆ ಈ ಗೆರೆಗಳನ್ನು ತೋರಿಸಿ.

ಮಳೆಗಾಲದಲ್ಲಿ ಯಾವ ಗೋಡೆಗೆ ಬೂಸ್ಟು ಬರುತ್ತದೆ ಅಂತಲೂ ಬರೆದುಕೊಳ್ಳಿ. ಹೆಚ್ಚಾಗಿ ಪಶ್ಚಿಮ, ಇಲ್ಲವೇ ನೈಋತ್ಯ. ಗಾಳಿ ಮಳೆಯನ್ನು ಅಲ್ಲಿಂದಲೇ ತಂದು ಬಡಿಯುತ್ತದೆ. ಫಜೀತಿ ಏನೆಂದರೆ ಮುಂಬೈಯಲ್ಲಿ ಸಮುದ್ರದ ತಂಗಾಳಿ ಬರುವುದೂ ಪಶ್ಚಿಮದಿಂದ, ಸಮುದ್ರ ಕಾಣುವುದೂ ಪಶ್ಚಿಮಕ್ಕೆ, ಸುಡುವ ಸಂಜೆ ಬಿಸಿಲೂ ಪಶ್ಚಿಮದ್ದೇ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ?

ಇದಕ್ಕೆ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಕೊಟ್ಟ ಉತ್ತರ ನೋಡಬೇಕಾದರೆ ಪೆಡ್ಡರ್ ರೋಡ್ ಕಡೆ ಹೋಗಿ. 1983ರಲ್ಲಿ ಮುಗಿದ ಕಾಂಚನಜಂಗಾ ಅಪಾರ್ಟ್‌ಮೆಂಟ್ ದೂರದಿಂದಲೇ ಕಾಣುತ್ತದೆ. ಒಳಗೆ ಬಿಡುವುದಿಲ್ಲ, ಕೇಳಲೂ ಹೋಗಬೇಡಿ, ವಾಚ್‌ಮನ್‌ಗೆ ಸುಮ್ನೆ ತೊಂದರೆ. ರಸ್ತೆಯಿಂದ ಮೇಲೆ ನೋಡಿ. ಮೂಲೆಗಳಲ್ಲಿ ಎರಡು ಮಹಡಿ ಎತ್ತರದ ತೆರೆದ ಟೆರೇಸುಗಳು ಕಾಣುತ್ತವೆ. ಹಳೇ ಬಂಗಲೆಗಳಿಗೆ ಸುತ್ತ ವರಾಂಡ ಇರುತ್ತಿತ್ತು. ಬಿಸಿಲು ಮಳೆ ವರಾಂಡಕ್ಕೇ ನಿಲ್ಲುತ್ತಿದ್ದವು, ಗಾಳಿ ಮಾತ್ರ ಒಳಗೆ ಬರುತ್ತಿತ್ತು. ಅದೇ ಯೋಚನೆಯನ್ನು ಕೊರಿಯಾ ಎತ್ತರದ ಕಟ್ಟಡಕ್ಕೆ ತಂದರು. ನಮ್ಮ ಉಡುಪಿ ಕಡೆಯ ಮನೆಯ ಜಗಲಿ, ಅದರ ಮೇಲೆ ಕೆಳಗಿನತನಕ ಇಳಿದ ಹೆಂಚಿನ ಮಾಡು ಮಾಡುವ ಕೆಲಸವೂ ಇದೇ. ರಜೆಗೆ ಊರಿಗೆ ಹೋದಾಗ ಆ ಮಾಡಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಅಳೆದುಕೊಂಡು ಬನ್ನಿ. ತಲೆ ತಗ್ಗಿಸಿಕೊಂಡೇ ಒಳಗೆ ಹೋಗಬೇಕಾಗುತ್ತದೆ, ಅಲ್ವಾ? ಎತ್ತರ ಮಾಡಿದ್ದರೆ ಜುಲೈಯ ಎರಚಲು ನೇರ ಚಾವಡಿಗೆ ಬರುತ್ತಿತ್ತು.

ಓವಲ್ ಮೈದಾನ ಮತ್ತು ಬೇಲಾಪುರ

ಮುಂಬೈಯ ಮಕ್ಕಳಿಗೆ ಒಂದು ಭಾಗ್ಯ ಇದೆ. ಚರ್ಚ್‌ಗೇಟ್‌ನಲ್ಲಿ ಇಳಿದು ಓವಲ್ ಮೈದಾನದ ನಡುವೆ ನಿಂತರೆ ಎರಡು ಕಾಲ ಎದುರುಬದುರು ನಿಂತಿರುವುದು ಕಾಣುತ್ತದೆ. ಪೂರ್ವಕ್ಕೆ ಹೈಕೋರ್ಟ್, ಯೂನಿವರ್ಸಿಟಿ, ರಾಜಾಬಾಯಿ ಟವರ್. 1870ರ ದಶಕದ ಕಲ್ಲಿನ ಕಟ್ಟಡಗಳು, ಚೂಪು ಕಮಾನಿನ ಗಾಥಿಕ್ ಶೈಲಿಯವು. ಪಶ್ಚಿಮಕ್ಕೆ 1930ರ ದಶಕದ, ಸರಳ ಗೆರೆಗಳ ಆರ್ಟ್ ಡೆಕೊ ಶೈಲಿಯ ಅಪಾರ್ಟ್‌ಮೆಂಟುಗಳು, ಸಾಲಿನ ತುದಿಯಲ್ಲಿ ಇರೋಸ್ ಥಿಯೇಟರ್. ಈ ಎರಡೂ ಸೇರಿ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದವು. ಡೆಕೊ ಕಟ್ಟಡಗಳಲ್ಲಿ ಅನೇಕವನ್ನು ವಿನ್ಯಾಸ ಮಾಡಿದ್ದು ಆಗಿನ ಮೊದಲ ತಲೆಮಾರಿನ ಭಾರತೀಯ ಆರ್ಕಿಟೆಕ್ಟ್‌ಗಳು.

ಅಲ್ಲಿ ಸೆಲ್ಫಿ ತೆಗೆದು ಬಂದರೆ ಪ್ರಯೋಜನವಿಲ್ಲ. ಮೈದಾನದ ಅಂಚಿನಲ್ಲಿ ಕೂತು ಎರಡೇ ಎರಡು ಚಿತ್ರ ಮಾಡಿ. ಒಂದು ಪೂರ್ವದ ಕಮಾನಿನ ಕಿಟಕಿ, ಇನ್ನೊಂದು ಪಶ್ಚಿಮದ ಬಾಲ್ಕನಿ. ಬಿಡಿಸುವಾಗ ಭಾರ ಹೇಗೆ ಕೆಳಗೆ ಇಳಿಯುತ್ತದೆ ಅಂತ ಕೇಳಿಕೊಳ್ಳಿ. ಕಲ್ಲಿನ ಕಮಾನು, ಜಾರುವ ನೆಲದ ಮೇಲೆ ಕಾಲು ಅಗಲಿಸಿ ನಿಂತವನ ಹಾಗೆ, ಸದಾ ಎರಡೂ ಪಕ್ಕಕ್ಕೆ ಒತ್ತುತ್ತಿರುತ್ತದೆ. ಆ ಒತ್ತಡ ತಡೆಯಲು ಪಕ್ಕದಲ್ಲಿ ದಪ್ಪ ಗೋಡೆಯೋ ಒತ್ತುಗಂಬವೋ ಬೇಕು. ಪಶ್ಚಿಮದ ಬಾಲ್ಕನಿಗೆ ಕೆಳಗೆ ಯಾವ ಆಸರೆಯೂ ಇಲ್ಲ, ಆದರೂ ಬೀಳುವುದಿಲ್ಲ. ಒಳಗೆ ಕಬ್ಬಿಣದ ಸರಳು ಇದೆ. ಆ ಸರಳು ಸ್ಲ್ಯಾಬಿನ ಮೇಲ್ಭಾಗದಲ್ಲಿ ಇರಬೇಕೋ ಕೆಳಭಾಗದಲ್ಲೋ? ಉತ್ತರವನ್ನು ಕೆಳಗೆ ಹೇಳುತ್ತೇನೆ, ಮೊದಲು ಯೋಚಿಸಿ. ಡೆಕೊ ಕಿಟಕಿಗಳ ಮೇಲೆ ಹುಬ್ಬಿನಂತೆ ಉದ್ದಕ್ಕೆ ಹೋಗುವ ಸಜ್ಜಾ ಗಮನಿಸಿ. ಅಲಂಕಾರ ಅಂತ ಕಾಣುತ್ತದೆ, ಕೆಲಸ ಮಾತ್ರ ಬಿಸಿಲು ಮಳೆ ತಡೆಯುವುದು.

ಇನ್ನೊಂದು ಭಾನುವಾರ ಹಾರ್ಬರ್ ಲೈನ್ ಹಿಡಿದು ಸಿಬಿಡಿ ಬೇಲಾಪುರಕ್ಕೆ ಹೋಗಿ. ಸೆಕ್ಟರ್ 8ರಲ್ಲಿ ಆರ್ಟಿಸ್ಟ್ಸ್ ವಿಲೇಜ್ ಅನ್ನುವ ಬಡಾವಣೆ ಇದೆ. ಇದೂ ಕೊರಿಯಾ ಅವರದ್ದೇ, 1980ರ ದಶಕದ್ದು. ಸಣ್ಣ ಸಂಬಳದವರಿಗಾಗಿ ಮಾಡಿದ ಮನೆಗಳು. ಸುಮಾರು 8 ಮೀಟರ್ ಚೌಕದ ಒಂದು ಅಂಗಳ, ಅದರ ಸುತ್ತ ಏಳು ಮನೆ. ಅಂಥ ಮೂರು ಗುಂಪು ಸೇರಿ ಇನ್ನೊಂದು ಸ್ವಲ್ಪ ದೊಡ್ಡ ಅಂಗಳ. ಯಾವ ಮನೆಗೂ ಪಕ್ಕದ ಮನೆಯ ಜೊತೆ ಗೋಡೆ ಸೇರುವುದಿಲ್ಲ. ಕೈಯಲ್ಲಿ ಕಾಸು ಬಂದ ಹಾಗೆ ಯಾರನ್ನೂ ಕೇಳದೆ ಮನೆ ಬೆಳೆಸಿಕೊಳ್ಳಲಿ ಅಂತ. ಜನ ಬೆಳೆಸಿಕೊಂಡಿದ್ದಾರೆ ಕೂಡ. ಕೆಲವರು ಹಳೆಯದನ್ನು ಪೂರ್ತಿ ಕೆಡವಿ ಹೊಸದಾಗಿ ಎತ್ತರಕ್ಕೆ ಕಟ್ಟಿದ್ದಾರೆ. ಅದನ್ನು ಕಂಡು ಮೂಲ ಹಾಳಾಯಿತು ಅಂತ ಕೊರಗುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮನೆಗಳು ಬದಲಾದರೂ ಅಂಗಳಗಳು ಉಳಿದುಕೊಂಡಿವೆ, ಮಕ್ಕಳು ಅಲ್ಲೇ ಕ್ರಿಕೆಟ್ ಆಡುತ್ತಾರೆ. ಹೆಜ್ಜೆ ಹಾಕಿ ಅಂಗಳ ಅಳೆಯಿರಿ. ಜನ ವಾಸ ಮಾಡುವ ಜಾಗ, ಕೇಳದೆ ಫೋಟೊ ತೆಗೆಯಬೇಡಿ. ಮೂಲ ಮನೆ ಯಾವುದು, ಆಮೇಲೆ ಸೇರಿಸಿದ್ದು ಯಾವುದು ಅಂತ ಗುರುತಿಸಿ ಒಂದು ಮನೆಯ ಚಿತ್ರ ಮಾಡಿ.

ಸೈಟಿಗೆ ಹೋಗುವುದು

ಕಾಲೇಜಿಗೆ ಸೇರುವ ಮೊದಲು ಒಮ್ಮೆಯಾದರೂ ಕಟ್ಟುತ್ತಿರುವ ಕಟ್ಟಡದ ಒಳಗೆ ಹೋಗಿ. ಒಬ್ಬರೇ ನುಗ್ಗಬೇಡಿ. ಪರಿಚಯದ ಎಂಜಿನಿಯರ್, ಕಂಟ್ರಾಕ್ಟರ್ ಯಾರಾದರೂ ಇದ್ದರೆ ಕೇಳಿ, ಹೆಲ್ಮೆಟ್ ಮತ್ತು ಗಟ್ಟಿ ಶೂ ಹಾಕಿಕೊಂಡು ಅವರ ಜೊತೆ ಹೋಗಿ. ಮುಂಬೈ, ಪುಣೆಯ ಸೈಟುಗಳಲ್ಲಿ ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಗಾರೆ ಕೆಲಸದವರು ತುಂಬಾ ಜನ ಇದ್ದಾರೆ. ಕನ್ನಡದಲ್ಲಿ ಮಾತಾಡಿಸಿದರೆ ಮುಖ ಅರಳುತ್ತದೆ. "ಯಾವೂರವ್ವಾ ನಿಂದು?" ಅಂತ ನಿಮ್ಮನ್ನೇ ಕೇಳುತ್ತಾರೆ. ಆಮೇಲೆ ನೀವು ಕೇಳಿದ್ದನ್ನೆಲ್ಲ ಹೇಳಿಕೊಡುತ್ತಾರೆ.

ಮೇಸ್ತ್ರಿ ಮೂಲೆ ಹೇಗೆ ಹಿಡಿಯುತ್ತಾರೆ ನೋಡಿ. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ನಡುವಿನ ಓರೆ ಅಳತೆ 5 ಅಡಿ ಬರುವತನಕ ದಾರ ಸರಿಸುತ್ತಾರೆ. ನೀವು ಪರೀಕ್ಷೆಗೆ ಓದಿದ ಪೈಥಾಗೊರಸ್ ಇಲ್ಲಿ ಸುಣ್ಣ ಬಳಿದ ದಾರದಲ್ಲಿ ಇದ್ದಾನೆ. ತೂಕದ ಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯಾ ಅಂತ ನೋಡುವುದು, ರಸಮಟ್ಟ ಇಟ್ಟು ನೆಲ ನೋಡುವುದು, ಬಾತ್‌ರೂಮಿನಲ್ಲಿ ಬೇಕಂತಲೇ ನೀರಿಗೆ ಇಳಿಜಾರು ಕೊಡುವುದು, ಎಲ್ಲ ನೋಡಿ. ಸ್ಲ್ಯಾಬ್ ಹಾಕುವ ಹಿಂದಿನ ದಿನ ಸಿಕ್ಕರೆ ಇನ್ನೂ ಒಳ್ಳೆಯದು, ಸರಳುಗಳ ಜಾಲ ಪೂರ್ತಿ ಕಾಣುತ್ತದೆ. ಬಾಲ್ಕನಿಯ ಹತ್ತಿರ ಹೋಗಿ ನೋಡಿ. ಮುಖ್ಯ ಸರಳು ಮೇಲ್ಭಾಗದಲ್ಲಿ ಇರುತ್ತದೆ. ಚಾಚಿಕೊಂಡ ಸ್ಲ್ಯಾಬು ಕೆಳಗೆ ಬಾಗಲು ನೋಡುವಾಗ ಎಳೆತ ಬರುವುದು ಮೇಲ್ಮೈಯಲ್ಲಿ, ಎಳೆತವನ್ನು ಕಾಂಕ್ರೀಟು ತಡೆಯುವುದಿಲ್ಲ, ಕಬ್ಬಿಣ ತಡೆಯುತ್ತದೆ. ಕೆಲಸದವರು ತುಳಿದು ತುಳಿದು ಆ ಸರಳು ಕೆಳಗೆ ಹೋದರೆ ಬಾಲ್ಕನಿಯೂ ಒಂದು ದಿನ ಕೆಳಗೆ ಹೋಗುತ್ತದೆ. ಅದಕ್ಕೇ ಸ್ಲ್ಯಾಬ್ ಹಾಕುವ ದಿನ ನಾನು ಅಲ್ಲೇ ನಿಂತಿರುತ್ತೇನೆ.

ಧೂಳು, ಗಲಾಟೆ, ಬಿಸಿಲು ಇದೆಲ್ಲ ನಿಮಗೆ ತಡೆಯುತ್ತದಾ ಅನ್ನುವುದೂ ಅಂದೇ ಗೊತ್ತಾಗುತ್ತದೆ. ಹೆಣ್ಣುಮಕ್ಕಳಿಗೆ ಸೈಟಿನ ಕೆಲಸ ಆಗಲ್ಲ ಅಂತ ನೆಂಟರು ಹೇಳುತ್ತಾರಲ್ಲ, ಅವರನ್ನೂ ಒಂದು ದಿನ ಕರೆದುಕೊಂಡು ಹೋಗಿ. ತಲೆಯ ಮೇಲೆ ರೇತಿ ಹೊತ್ತು ಏಣಿ ಹತ್ತುತ್ತಿರುವವರು ಯಾರು ಅಂತ ನೋಡಲಿ.

ಕೈ ಪಳಗಿಸುವುದು

ಡ್ರಾಯಿಂಗ್ ಅಭ್ಯಾಸಕ್ಕೆ ಲೋಕಲ್ ಟ್ರೇನಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಹಳಿಗಳು ದೂರದಲ್ಲಿ ಒಂದೇ ಬಿಂದುವಿಗೆ ಸೇರುವುದನ್ನು ನೋಡಿ. ಸುತ್ತ ನಿಂತವರಲ್ಲಿ ನಿಮ್ಮಷ್ಟೇ ಎತ್ತರದವರ ಕಣ್ಣುಗಳೆಲ್ಲ, ಅವರು ಹತ್ತಿರ ಇರಲಿ ದೂರ ಇರಲಿ, ಒಂದೇ ಅಡ್ಡಗೆರೆಯ ಮೇಲೆ ಬರುತ್ತವೆ. ಅದೇ ಕ್ಷಿತಿಜರೇಖೆ. ಇದು ತಲೆಗೆ ಹೊಕ್ಕರೆ ಪರ್ಸ್‌ಪೆಕ್ಟಿವ್‌ನ ಅರ್ಧ ಪಾಠ ಮುಗಿಯಿತು. ಸೀಟಿನಲ್ಲಿ ಕೂತು ಅದೇ ದೃಶ್ಯ ಬಿಡಿಸಿ, ಗೆರೆ ಕೆಳಗೆ ಬರುತ್ತದೆ, ಎಲ್ಲ ಬದಲಾಗುತ್ತದೆ. ರಬ್ಬರ್ ಮನೆಯಲ್ಲೇ ಬಿಡಿ. ಪೆನ್ನಿನಲ್ಲಿ ಬಿಡಿಸಿ, ತಪ್ಪಾದರೆ ಪಕ್ಕದಲ್ಲಿ ಇನ್ನೊಂದು ಗೆರೆ ಹಾಕಿ. ಸಂಜೆ 6ರ ಕಲ್ಯಾಣ ಲೋಕಲ್‌ನಲ್ಲಿ ಮಾತ್ರ ಈ ಪ್ರಯೋಗ ಬೇಡ, ಅಲ್ಲಿ ಕೈ ಎತ್ತಲೂ ಜಾಗವಿಲ್ಲ.

ಕೋಚಿಂಗ್ ಬೇಕಾ? ಪರೀಕ್ಷೆಯ ರೀತಿ ತಿಳಿಯಲು ಸ್ವಲ್ಪ ದಿನ ಹೋದರೆ ಪರವಾಗಿಲ್ಲ. ಆದರೆ ಒಂದು ಕ್ಲಾಸಿನಲ್ಲಿ 'ರೈಲ್ವೆ ಸ್ಟೇಷನ್', 'ಜಾತ್ರೆ', 'ಸಮುದ್ರತೀರ' ಅಂತ ರೆಡಿಮೇಡ್ ಚಿತ್ರ ಬಾಯಿಪಾಠ ಮಾಡಿಸುವುದನ್ನು ನೋಡಿದ್ದೇನೆ. ಬ್ಯಾಚಿನ ಅಷ್ಟೂ ಮಕ್ಕಳ ಸ್ಟೇಷನ್‌ನಲ್ಲಿ ಅದೇ ಕೂಲಿ, ಅದೇ ಟ್ರಂಕು. ಅಂಥ ಕಡೆ ದುಡ್ಡು ಹಾಕಬೇಡಿ.

ಜೊತೆಗೆ ರಟ್ಟು ಕತ್ತರಿಸಿ ಮಾಡೆಲ್ ಮಾಡುವುದನ್ನು ಕಲಿಯಿರಿ. ಕಾಗದ, ರಟ್ಟು, ಅಂಟು ಕಡಿಮೆ ಬೆಲೆಗೆ ಬೇಕಾದರೆ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್‌ಗೆ ಹೋಗಿ. ಮೊದಲ ಮಾಡೆಲ್ ನಿಮ್ಮ ಮನೆಯದ್ದೇ ಆಗಲಿ, ಅಳತೆ ಹೇಗೂ ಇದೆ.

'ಯಾಕೆ ಆರ್ಕಿಟೆಕ್ಚರ್' ಅಂತ ಬರೆಯುವುದು

ಕೆಲವು ಕಾಲೇಜುಗಳು ಇಂಟರ್‌ವ್ಯೂ ಮಾಡುತ್ತವೆ, ಪೋರ್ಟ್‌ಫೋಲಿಯೊ ಕೇಳುತ್ತವೆ, ಒಂದು ಪುಟ ಬರೆದುಕೊಡಿ ಅನ್ನುತ್ತವೆ. ನನಗೆ ತಿದ್ದಲು ಬರುವ ಪುಟಗಳೆಲ್ಲ 'ಚಿಕ್ಕಂದಿನಿಂದಲೂ ನನಗೆ ಕಟ್ಟಡಗಳೆಂದರೆ ಅಪಾರ ಆಸಕ್ತಿ' ಅಂತಲೇ ಶುರುವಾಗುತ್ತವೆ. ಓದುವವರ ಮುಂದೆ ಇಂಥ ಪುಟಗಳ ರಾಶಿ ಇರುತ್ತದೆ. ಅಪಾರ, ಅದಮ್ಯ, ಕನಸು, ಈ ಪದಗಳನ್ನು ತೆಗೆದುಹಾಕಿ. ನೋಡಿದ್ದನ್ನು ಬರೆಯಿರಿ.

ಕುರ್ಲಾದ ಒಬ್ಬ ಹುಡುಗಿಗೆ ನಾನು ಇಷ್ಟೇ ಹೇಳಿದ್ದು. ಅವಳು ಹೀಗೆ ಬರೆದಳು: "ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಮಾತ್ರ ಕಿಟಕಿ ಇದೆ. ತರಕಾರಿಯವಳು ಅಲ್ಲೇ ಬುಟ್ಟಿ ಇಳಿಸುತ್ತಾಳೆ. ಮೇಲಿನವರೂ ಕೆಳಗಿನವರೂ ಅಲ್ಲಿಗೇ ಬರುತ್ತಾರೆ. ತಿರುವು 4 ಅಡಿ ಅಗಲ ಇದೆ. ಬುಟ್ಟಿ ಇಟ್ಟರೆ ಒಬ್ಬರು ಮಾತ್ರ ದಾಟಬಹುದು. ಇದು 6 ಅಡಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ಮೂರು ಬಗೆಯಲ್ಲಿ ಬಿಡಿಸಿ ನೋಡಿದೆ." ಕೆಳಗೆ ಮೂರು ಸಣ್ಣ ಚಿತ್ರ. ಆಸಕ್ತಿ ಅನ್ನುವ ಪದವೇ ಇಲ್ಲ. ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಪೋರ್ಟ್‌ಫೋಲಿಯೊದಲ್ಲೂ ಹಾಗೇ. ನಿಮ್ಮ ಮನೆಯ ನಾಲ್ಕು ಹೊತ್ತಿನ ಪ್ಲಾನು, ಬಿಸಿಲಿನ ಗೆರೆಗಳು, ಓವಲ್‌ನ ಎರಡು ಚಿತ್ರ, ಬೇಲಾಪುರದ ಮನೆ, ರಟ್ಟಿನ ಮಾಡೆಲ್ಲಿನ ಫೋಟೊ. ಗೂಗಲ್‌ನಿಂದ ನಕಲು ಮಾಡಿದ ತಾಜ್‌ಮಹಲ್ ಬೇಡ. ಕಚ್ಚಾ ಹಾಳೆಗಳನ್ನೂ ಇಡಿ, ಅಳತೆ ಬರೆದು ಕಾಟು ಹಾಕಿದ್ದು ಕಾಣಲಿ.

ಅಪ್ಪ-ಅಮ್ಮನ ಪ್ರಶ್ನೆಗಳು

ಬಿ.ಆರ್ಕ್ 5 ವರ್ಷದ ಓದು, ಅದರೊಳಗೆ ಆಫೀಸಿನಲ್ಲಿ ಟ್ರೇನಿಂಗ್ ಕೂಡ ಬರುತ್ತದೆ. ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದ ಮೇಲೆಯೇ ಆರ್ಕಿಟೆಕ್ಟ್ ಅಂತ ಬೋರ್ಡು ಹಾಕಬಹುದು. ಇದು 1972ರ ಕಾಯ್ದೆ. ಇಂಟೀರಿಯರ್ ಡಿಪ್ಲೊಮಾ ಮಾಡಿ ಆ ಬೋರ್ಡು ಹಾಕುವ ಹಾಗಿಲ್ಲ. ಆದ್ದರಿಂದ ಕಾಲೇಜಿಗೆ ಕೌನ್ಸಿಲ್ ಮಾನ್ಯತೆ ಇದೆಯಾ ಅಂತ ಕೌನ್ಸಿಲ್‌ನ ಪಟ್ಟಿಯಲ್ಲೇ ನೋಡಿ, ಕಾಲೇಜಿನ ಬ್ರೋಷರ್ ನಂಬಬೇಡಿ.

ಸಂಬಳ? ಶುರುವಿನಲ್ಲಿ ಸಾಫ್ಟ್‌ವೇರಿಗೆ ಹೋದ ಅಣ್ಣನಿಗಿಂತ ಕಡಿಮೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಓದುವಾಗ ರಾತ್ರಿ ನಿದ್ದೆ ಕೆಡುವುದೂ ನಿಜ. ಜ್ಯೂರಿ ಅಂತ ಇರುತ್ತದೆ. ವಾರಗಟ್ಟಲೆ ಮಾಡಿದ ಕೆಲಸವನ್ನು ಗೋಡೆಗೆ ಅಂಟಿಸಿ ನಿಂತಿರಬೇಕು, ಹೊರಗಿನಿಂದ ಬಂದವರು ಎಲ್ಲರ ಎದುರೇ ಕೆದಕುತ್ತಾರೆ. ಮೊದಲ ವರ್ಷ ಅಳದವರು ಕಡಿಮೆ. ಮನೆಯವರು ಆ ವಾರ ಮಾರ್ಕ್ಸ್ ಕೇಳದೆ ಹೊತ್ತಿಗೆ ಸರಿಯಾಗಿ ಊಟ ಕೊಟ್ಟರೆ ಸಾಕು. ದುಬಾರಿ ಲ್ಯಾಪ್‌ಟಾಪ್ ಮೊದಲ ದಿನವೇ ಕೊಡಿಸಬೇಡಿ. ಶುರುವಿನಲ್ಲಿ ಕೈಯಲ್ಲೇ ಬಿಡಿಸುವುದು ಜಾಸ್ತಿ.

ಪರೀಕ್ಷೆ, ಕಾಗದಪತ್ರ

ಹನ್ನೆರಡನೇ ಕ್ಲಾಸಿನಲ್ಲಿ ಗಣಿತ, ಭೌತಶಾಸ್ತ್ರ ಇರಲೇಬೇಕು. ಪ್ರವೇಶಕ್ಕೆ ಎರಡು ದಾರಿ, ಕೌನ್ಸಿಲ್ ನಡೆಸುವ ನಾಟಾ ಪರೀಕ್ಷೆ ಮತ್ತು ಜೆಇಇ ಮೇನ್‌ನ ಪೇಪರ್ 2ಎ. ಈಚಿನ ವರ್ಷಗಳಲ್ಲಿ ನಾಟಾ 200 ಅಂಕದ್ದು. ಅದರಲ್ಲಿ 80 ಕೈಯಲ್ಲಿ ಬಿಡಿಸುವುದು ಮತ್ತು ಕೊಟ್ಟ ತುಂಡುಗಳಿಂದ 3ಡಿ ಜೋಡಣೆ ಮಾಡುವುದು, ಉಳಿದ 120 ಕಂಪ್ಯೂಟರಿನಲ್ಲಿ. ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು. ಪೇಪರ್ 2ಎ 400 ಅಂಕದ್ದು, ಗಣಿತ 100, ಆಪ್ಟಿಟ್ಯೂಡ್ 200, ಡ್ರಾಯಿಂಗ್ 100. ನಿಯಮ ಆಗಾಗ ಬದಲಾಗುತ್ತದೆ, ನಿಮ್ಮ ವರ್ಷದ ಪುಸ್ತಿಕೆ ಓದಿ. ಎರಡನ್ನೂ ಬರೆಯಿರಿ ಅನ್ನುವುದು ನನ್ನ ಸಲಹೆ.

ಕಾಲೇಜುಗಳ ಪಟ್ಟಿ ಉದ್ದ ಇದೆ. ಮುಂಬೈಯಲ್ಲಿ ಸಿಎಸ್‌ಎಂಟಿ ಹತ್ತಿರದ ಸರ್ ಜೆ.ಜೆ., ಪ್ರಭಾದೇವಿಯ ರಚನಾ ಸಂಸದ್, ಜುಹುವಿನ ಕಮಲಾ ರಹೇಜಾ, ಪುಣೆಯ ಕರ್ವೆನಗರದಲ್ಲಿ ಹೆಣ್ಣುಮಕ್ಕಳಿಗೇ ಇರುವ ಭಾನುಬೆನ್ ನಾನಾವಟಿ, ಪಣಜಿಯ ಗೋವಾ ಕಾಲೇಜ್ ಆಫ್ ಆರ್ಕಿಟೆಕ್ಚರ್. ವರ್ಷದ ಕೊನೆಗೆ ವಿದ್ಯಾರ್ಥಿಗಳ ಕೆಲಸದ ಪ್ರದರ್ಶನ ಇಡುವ ಕಾಲೇಜಿಗೆ ಹೋಗಿ ನೋಡಿ. ಕಟ್ಟಡ ಎಷ್ಟು ಚಂದ ಇದೆ ಅನ್ನುವುದಕ್ಕಿಂತ ಗೋಡೆಗೆ ಅಂಟಿಸಿದ ಹಾಳೆಗಳನ್ನು ನೋಡಿ. ಎಲ್ಲರದ್ದೂ ಒಂದೇ ಥರ ಇದ್ದರೆ ಅದು ಮೇಷ್ಟ್ರ ಕೆಲಸ.

ಮಹಾರಾಷ್ಟ್ರದ ಕ್ಯಾಪ್ ಸುತ್ತಿನಲ್ಲಿ, ಅಂದರೆ ಕಾಲೇಜುಗಳ ಸೀಟು ಒಟ್ಟಿಗೆ ಹಂಚುವಾಗ, ಹತ್ತನೇ, ಹನ್ನೆರಡನೇ ಕ್ಲಾಸು ಎಲ್ಲಿ ಓದಿದ್ದು, ಡೊಮಿಸೈಲ್ (ರಾಜ್ಯದ ನಿವಾಸಿ ಅನ್ನುವ ದಾಖಲೆ) ಇದೆಯಾ ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ಹತ್ತನೇ ಕ್ಲಾಸು ಊರಲ್ಲಿ ಅಜ್ಜಿಮನೆಯಲ್ಲಿ ಮುಗಿಸಿ ಇಲ್ಲಿಗೆ ಬಂದ ನಮ್ಮ ಮಕ್ಕಳಿಗೆ ಇಲ್ಲೇ ತೊಡಕು. ಕರ್ನಾಟಕದ ಸೀಟಿಗೆ ಪ್ರಯತ್ನಿಸುವುದಾದರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಿಯಮಗಳಲ್ಲಿ ಹೊರನಾಡು ಕನ್ನಡಿಗರಿಗೆ ಬೇರೆಯೇ ಕಲಂ ಇದೆ, ಅದನ್ನು ಓದಿಕೊಳ್ಳಿ. ಡೊಮಿಸೈಲ್ ಸರ್ಟಿಫಿಕೇಟಿಗೆ ತಹಸೀಲ್ದಾರ್ ಕಚೇರಿಯ ಸೇತು ಕೇಂದ್ರದಲ್ಲೋ ಆಪ್ಲೆ ಸರ್ಕಾರ್ ಪೋರ್ಟಲ್‌ನಲ್ಲೋ ಅರ್ಜಿ ಹಾಕಬೇಕು. ರಿಸಲ್ಟ್ ಬರುವತನಕ ಕಾಯಬೇಡಿ, ಆಗ ಇಡೀ ಜಿಲ್ಲೆ ಅಲ್ಲಿ ಕ್ಯೂ ನಿಂತಿರುತ್ತದೆ. ಡಿಸೆಂಬರ್ ರಜೆಯಲ್ಲೇ ಹಾಕಿ, ರೇಷನ್ ಕಾರ್ಡ್ ಮತ್ತು ಶಾಲೆ ಬಿಟ್ಟ ಸರ್ಟಿಫಿಕೇಟಿನಲ್ಲಿ ಹೆಸರಿನ ಸ್ಪೆಲಿಂಗ್ ಒಂದೇ ಇದೆಯಾ ಅಂತ ನೋಡಿಕೊಂಡು.